ವಿಮೆ ಇಲ್ಲದ ಒಂದು ಮಗು

ಓಣಿಯವರಿಗೆಲ್ಲ ಅವಳು ಫಾರಂ ಅಕ್ಕ. ಮಕ್ಕಳನ್ನು ಸರ್ಕಾರಿ ಆರೋಗ್ಯ ವಿಮೆಗೆ ಸೇರಿಸಲು ಅವಳು ಕೆಲಸ ಮಾಡುವ ಸಂಸ್ಥೆಗೆ ಅನುದಾನ ಬಂದಿತ್ತು. ಅದರಲ್ಲಿ ಸಾಹೇಬರಿಗೊಂದು ಜೀಪು, ಅಕ್ಕನಿಗೊಂದು ಕೊಡೆ ಸಿಕ್ಕಿತು. ಆ ಕೊಡೆ ಹಿಡಿದು ಎರಡು ವರ್ಷ ಮನೆಮನೆ ಅಲೆದು, ಜನನ ಪತ್ರ ಇಲ್ಲದವರಿಗೆ ಅದನ್ನೂ ಮಾಡಿಸಿಕೊಟ್ಟು, ಅಕ್ಕ ಓಣಿಯ ಅಷ್ಟೂ ಮಕ್ಕಳ ಹೆಸರು ಸೇರಿಸಿಬಿಟ್ಟಳು. ಅದೇ ದೊಡ್ಡ ತಪ್ಪಾಯಿತು.

"ವಿಮೆ ಇಲ್ಲದ ಮಗುವಿನ ಫೋಟೋ ಬೇಕಮ್ಮ," ಎನ್ನುತ್ತಾ ಸಾಹೇಬರು ಜೀಪಿನಿಂದ ಇಳಿದರು. "ಅದನ್ನ ತೋರಿಸಿದ್ರೆ ತಾನೆ ಮುಂದಿನ ವರ್ಷಾನೂ ಅನುದಾನ ಕೊಡೋದು?"

"ಓಣಿಯಲ್ಲಿ ಯಾರೂ ಉಳಿದಿಲ್ಲ ಸಾರ್."

ಸಾಹೇಬರ ಮುಖ ಹುಳ್ಳಗಾಯಿತು. "ಎಲ್ರನ್ನೂ ಸೇರಿಸಿಬಿಟ್ಯಾ? ಒಂದು ಮಗೂನಾದ್ರೂ ಬಿಡೋಕಾಗ್ಲಿಲ್ವಾ? ಸ್ವಲ್ಪ ಮುಂದಾಲೋಚನೆ ಬೇಡ್ವಾ?"

ಅಕ್ಕ ಕೊಡೆ ಮಡಚಿದಳು. "ಒಬ್ಬಳಿದ್ದಾಳೆ ಸಾರ್. ನಿಮ್ಮ ಡ್ರೈವರ್ ಮಗಳು. ಅವಳ ಫಾರಂ ನಿಮ್ಮದೊಂದು ಸಹಿಗೆ ಅಂತ ಎಂಟು ತಿಂಗಳಿಂದ ನಿಮ್ಮ ಮೇಜಿನ ಮೇಲೇ ಬಿದ್ದಿದೆ."

ಅವರಿಗೆ ನಾಚಿಕೆಯಾದೀತು ಎಂದುಕೊಂಡಿದ್ದಳು ಪಾಪ. ಸಾಹೇಬರ ಮುಖ ಅರಳಿತು. "ಮೊದಲೇ ಹೇಳಬಾರ್ದಾ! ಫೋಟೋ ಆಗೋವರೆಗೂ ಫಾರಂ ಅಲ್ಲೇ ಇರಲಿ."

ಡ್ರೈವರ್ ಎಂಜಿನ್ ಆರಿಸಿ, ಕೀಲಿ ತೆಗೆದು ಜೇಬಿಗಿಳಿಸಿದ. "ಸಹಿ ಆಗೋವರೆಗೂ ಇದೂ ಇಲ್ಲೇ ಇರಲಿ ಸಾರ್."