ಶಿವಕಾಂತನ ಬಲಗೈ

ಮುಕ್ಕುಂದದ ಶಿವಕಾಂತ ಸೋಮವಾರದ ಭಜನೆಯಲ್ಲಿ ತಬಲಾ ಬಾರಿಸುತ್ತಿದ್ದ. ಹಾಡುತ್ತಿದ್ದವನು ಅವನ ಅಣ್ಣ ಸಂಗನಬಸವ. ಅಣ್ಣ ತಮ್ಮಂದಿರ ಗದ್ದೆ ಒಂದೇ, ಒಲೆಯೂ ಒಂದೇ. ಪಕ್ಕದ ಗದ್ದೆ ಅವರ ಕಾಕಾನ ಮಗ ಸೂಗಪ್ಪನದು.

ಬೇಸಿಗೆ ಬೆಳೆಗೆ ಕಾಲುವೆ ನೀರನ್ನು ಪಾಳಿಯ ಮೇಲೆ ಬಿಡುತ್ತಿದ್ದರು. ಒಂದು ಬೆಳಿಗ್ಗೆ ಇವರು ಗದ್ದೆಗೆ ಹೋದರೆ, ಸೂಗಪ್ಪ ತೂಬಿಗೆ ಮಣ್ಣಿನ ಚೀಲ ಒಟ್ಟಿ ನೀರನ್ನೆಲ್ಲ ತನ್ನ ಕಡೆ ತಿರುಗಿಸಿಕೊಂಡಿದ್ದ.

“ಇವತ್ತ ನಮ್ಮ ಪಾಳಿ ಐತಿ ಸೂಗಪ್ಪ. ಚೀಲ ತಗಿ,” ಎಂದ ಸಂಗನಬಸವ.

“ತಗಿಯಂಗಿಲ್ಲ. ಏನ ಮಾಡ್ತಿ?”

ಸಂಗನಬಸವ ಬಗ್ಗಿ ಚೀಲಕ್ಕೆ ಕೈ ಹಾಕಿದ. ಸೂಗಪ್ಪನ ಕೈಯಲ್ಲಿ ಸಲಿಕೆ ಇತ್ತು. ಶಿವಕಾಂತ ಓಡಿ ಬರುವುದರೊಳಗೆ ಸೂಗಪ್ಪನ ಇಬ್ಬರು ಆಳುಗಳು ಅವನನ್ನು ಕೆಸರಿಗೆ ಕೆಡವಿದರು. ಒಬ್ಬ ಅವನ ಬಲಗೈಯ ಮೇಲೆ ಮಂಡಿಯೂರಿ ಕೂತ. ಮೂಳೆ ಲಟಕ್ಕೆಂದಿತು. ಮುಖ ಕೆಸರಿನಲ್ಲಿ ಹೂತಿದ್ದರಿಂದ ಅವನಿಗೆ ಏನೂ ಕಾಣಲಿಲ್ಲ. ಸಲಿಕೆಯ ಏಟು ಮಾತ್ರ ಕೇಳಿತು. ಒಮ್ಮೆ, ಮತ್ತೊಮ್ಮೆ. ಆಮೇಲೆ ಅಣ್ಣನ ದನಿ ಕೇಳಲಿಲ್ಲ. ಊರವರು ಬಂದು ಬಿಡಿಸಿದಾಗ ಸಂಗನಬಸವ ಕಾಲುವೆಯೊಳಗೆ ಬೋರಲು ಬಿದ್ದಿದ್ದ, ನೀರು ಕೆಂಪಾಗಿತ್ತು.

ಸೂಗಪ್ಪನನ್ನು ಪೊಲೀಸರು ಹಿಡಿದರು. ಶಿವಕಾಂತನ ಮುರಿದ ಮೂಳೆ ಕೂಡಿತು. ಆದರೆ ಕೈ ಎದೆಯ ಮಟ್ಟಕ್ಕಿಂತ ಮೇಲೆ ಬರಲಿಲ್ಲ. “ಮೂಳಿ ಸರಿ ಐತಿ, ನರ ಸರಿ ಅದಾವ. ಯಾಕ ಏಳವಲ್ದೋ ತಿಳೀವಲ್ದು,” ಎಂದರು ಡಾಕ್ಟರರು. ತಲೆನೋವು ಹಿಡಿದರೆ ಎರಡು ದಿನ ಬಿಡುತ್ತಿರಲಿಲ್ಲ. ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಸಾಕು, ಕೈಗೆ ಸಿಕ್ಕಿದ್ದನ್ನು ಬೀಸಿ ಒಗೆಯುತ್ತಿದ್ದ.

ಒಂದು ಮಧ್ಯಾಹ್ನ ಹೆಂಡತಿ ಅಶ್ವಿನಿ ಅಂಗಳದಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದಳು. ಒನಕೆಯ ಸದ್ದಿಗೆ ಶಿವಕಾಂತ ಒಳಗಿನಿಂದ ಹಾರಿ ಬಂದ. ಎಡಗೈಯಲ್ಲೇ ಒನಕೆ ಕಸಿದು ಅವಳ ಬಾಯಿಗೆ ಹೊಡೆದ. ಎರಡು ಹಲ್ಲು ಖಾರದ ಪುಡಿಯೊಳಗೆ ಬಿದ್ದವು. ಅಶ್ವಿನಿ ಅಳಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಮಸ್ಕಿಯ ಬಸ್ಸು ಹತ್ತಿ ತವರಿಗೆ ಹೋದಳು.

ಅವನು ಮಸ್ಕಿಗೆ ಹೋಗಿ ಕಾಲಿಗೆ ಬಿದ್ದ.

“ಕಾಲಿಗೆ ಬಿದ್ರ ಹಲ್ಲು ಹುಟ್ತಾವೇನ? ಲಿಂಗಸೂಗೂರಿನ್ಯಾಗ ವಸೀಮಾ ಮೇಡಂ ಅಂತ ಅದಾರ. ಮನಸಿನ ಕಷ್ಟ ಕೇಳ್ತಾರ. ಅಲ್ಲಿಗೆ ಬಂದ್ರ ನಾನೂ ಸಂಗಟ ಬರ್ತೀನಿ. ಇಲ್ಲಾಂದ್ರ ಈ ಹೊಸ್ತಿಲ ತುಳೀಬ್ಯಾಡ,” ಎಂದಳು ಅಶ್ವಿನಿ.

ವಸೀಮಾ ಆಪ್ತಸಮಾಲೋಚಕಿ. ಅವಳ ಕೋಣೆಯಲ್ಲಿ ಸಂಗೀತದ ಮೇಷ್ಟ್ರು ನಿಯಾಜ್ ಕೂಡ ಕೂರುತ್ತಿದ್ದ. ಮಾತಿಗೆ ಬಾರದ್ದನ್ನು ಹಾಡಿನಿಂದ ಬಿಡಿಸುವ ತರಬೇತಿ ಪಡೆದು ಬಂದವನು. ಶಿವಕಾಂತ ತಬಲಾದವನೆಂದು ತಿಳಿದು ಮೊದಲ ದಿನ ನಿಯಾಜ್ ತಬಲಾವನ್ನೇ ಮುಂದಿಟ್ಟು, ಜೋಡಿಯ ದೊಡ್ಡದಾದ ಡಗ್ಗಾದ ಮೇಲೆ ಮೆಲ್ಲಗೆ ಒಂದು ಪೆಟ್ಟು ಕೊಟ್ಟ. ಶಿವಕಾಂತ ಡಗ್ಗಾ ಎತ್ತಿ ಗೋಡೆಗೆ ಅಪ್ಪಳಿಸಿದ. ಎಡಗೈಯಿಂದ ನಿಯಾಜನ ಗಂಟಲು ಹಿಡಿದು ಗೋಡೆಗೆ ಒತ್ತಿದ. ನಿಯಾಜನ ಕಣ್ಣು ಮೇಲೆ ಹೋದವು. ಅಶ್ವಿನಿ ಗಂಡನ ಮುಂಗೈಯನ್ನು ಕಚ್ಚಿದಾಗಲೇ ಹಿಡಿತ ಬಿಟ್ಟದ್ದು.

ನೆಲಕ್ಕೆ ಕುಸಿದ ಶಿವಕಾಂತನ ಎದುರು ವಸೀಮಾ ತಾನೂ ನೆಲದ ಮೇಲೆ ಕೂತಳು. “ಶಿವಕಾಂತ, ನಿಮಗ ಏನ ಕೇಳಿಸ್ತು?”

ಅವನೆಂದ, “ನಮ್ಮಣ್ಣನ ತಲಿ ಒಡದ ಸಪ್ಪಳ ಮೇಡಂ. ನಾ ಬಾಜೂಕ ಬಿದ್ದಿದ್ದೆ. ಕೈ ಎತ್ತಾಕ ಆಗಲಿಲ್ಲ.”

ಈ ಮಾತನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಅಂದಿನಿಂದ ಕೋಣೆಗೆ ತಬಲಾ ಬರಲಿಲ್ಲ. ಕೊರಳ ಮೇಲೆ ಕರಿ ಗುರುತು ಹೊತ್ತೇ ನಿಯಾಜ್ ಮರುವಾರ ಹಾರ್ಮೋನಿಯಂ ತಂದು ಒಂದೇ ಸ್ವರ ಹಿಡಿದ. ಶಿವಕಾಂತ ಅದಕ್ಕೆ ದನಿ ಕೂಡಿಸಬೇಕು. ಉಸಿರು ಮುಗಿದಾಗ ವಸೀಮಾ ಕೇಳುತ್ತಿದ್ದಳು, ಅವನು ಕಾಲುವೆಯ ಕತೆಯನ್ನು ತುಸು ತುಸುವೇ ಹೇಳುತ್ತಿದ್ದ. ಕೆಲವು ವಾರ ಬೈದು ಎದ್ದುಹೋದ. ಮತ್ತೆ ಬಂದ. ಆಮೇಲೆ ಸ್ವರ ಏರಿದಂತೆ ಬಲಗೈಯನ್ನೂ ಏರಿಸಲು ನಿಯಾಜ್ ಕಲಿಸಿದ. ಮಳೆಗಾಲ ಕಳೆಯುವುದರೊಳಗೆ ಕೈ ಭುಜ ದಾಟಿತು. ಒಂದು ದಿನ ಮೇಲಿನ ಸ್ವರಕ್ಕೆ ಕೈ ತಲೆಯ ಮೇಲಕ್ಕೆ ಹೋದಾಗ ಅಶ್ವಿನಿ ಬಾಯಿ ಮುಚ್ಚಿಕೊಂಡು ಅತ್ತಳು.

ಅದೇ ತಿಂಗಳು ಸೂಗಪ್ಪನಿಗೆ ಜಾಮೀನು ಸಿಕ್ಕಿತು.

ಸುದ್ದಿ ಕಿವಿಗೆ ಬಿದ್ದಾಗ ಶಿವಕಾಂತ ಕಟ್ಟಿಗೆ ಒಡೆಯುತ್ತಿದ್ದ. ಕೊಡಲಿ ಹಿಡಿದೇ ನಡೆದ. ಸೂಗಪ್ಪ ತನ್ನ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ.

“ನಮ್ಮಣ್ಣನ್ನ ಕೊಂದು ಚಾ ಕುಡ್ಯಾಕತ್ತೀಯೇನಲೇ!”

ಹಿಂದೆ ಎದೆಯ ಮಟ್ಟ ದಾಟದಿದ್ದ ಕೈ ಕೊಡಲಿಯ ಸಮೇತ ಪೂರ್ತಿ ಮೇಲೆದ್ದಿತು. ಸೂಗಪ್ಪ ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡ. ಕೊಡಲಿ ಹೊರಳಿ ಅದರ ಹಿಂಬದಿ ಅವನ ಭುಜಕ್ಕೆ ಬಿತ್ತು. ಮೂಳೆ ಮುರಿಯಿತು. ಸೂಗಪ್ಪ ಅರಚುತ್ತ ಕಟ್ಟೆಯಿಂದ ಉರುಳಿದ. ಶಿವಕಾಂತ ಎರಡನೇ ಏಟಿಗೂ ಎತ್ತಿದ. ಆದರೆ ಆ ಮುರಿದ ಸಪ್ಪಳ ಅವನ ತಲೆಯೊಳಗೆ ಹೊಕ್ಕಿತ್ತು. ಕೊಡಲಿ ಬಿಸಾಕಿ, ಮಂಡಿಯೂರಿ, ಸೂಗಪ್ಪನ ಪಕ್ಕದಲ್ಲೇ ವಾಂತಿ ಮಾಡಿಕೊಂಡ. ಪೊಲೀಸರು ಬರುವತನಕ ಅಲ್ಲಿಂದ ಕದಲಲಿಲ್ಲ.

ಲಿಂಗಸೂಗೂರಿನಲ್ಲಿ ನಿಯಾಜ್ ಹಾರ್ಮೋನಿಯಂ ಮುಚ್ಚಿಟ್ಟ. “ಆ ಕೈ ಎತ್ತಿಸಿದಾವ ನಾನ ಅಲ್ಲೇನ್ರಿ ಮೇಡಂ? ಕೊಡಲಿ ಎತ್ತಲಿ ಅಂತನ ಎತ್ತಿಸಿದ್ನೇನ?”

“ಕೈ ಗುಣಾತು, ಸಿಟ್ಟು ಗುಣಾಗಿರಲಿಲ್ಲ,” ಎಂದಳು ವಸೀಮಾ. “ಸೂಗಪ್ಪಗ ಜಾಮೀನು ಸಿಕ್ರ ಏನ ಮಾಡ್ತಿ ಅಂತ ನಾ ಅವನ್ನ ಕೇಳಬೇಕಿತ್ತು, ಕೇಳಲಿಲ್ಲ. ಅವಾ ಹೊರಗ ಬಂದ ಮ್ಯಾಲ ಅಲ್ಲಿಂದನ ಶುರು ಮಾಡೂನು. ನೀವು ಬರ್ರಿ.”

ನಿಯಾಜ್ ಎರಡು ವಾರ ಬರಲಿಲ್ಲ. ಆಮೇಲೆ ಬಂದ.

ಜೈಲಿನಿಂದ ಜಾಮೀನಿನ ಮೇಲೆ ಬಂದ ಶಿವಕಾಂತ ಈಗ ಮಸ್ಕಿಯಲ್ಲಿ ಹೆಂಡತಿಯ ತವರಿನ ಪಕ್ಕದ ಬಾಡಿಗೆ ಮನೆಯಲ್ಲಿದ್ದಾನೆ. ಅಶ್ವಿನಿ ಊಟ ಕೊಡುತ್ತಾಳೆ, ಆದರೆ ಮಲಗುವುದು ತವರುಮನೆಯಲ್ಲೇ. “ಇನ್ನೂ ಅಂಜಿಕಿ ಹೋಗಿಲ್ಲ,” ಎಂದು ಅವನ ಮುಖಕ್ಕೇ ಹೇಳುತ್ತಾಳೆ. ಅವನು ಸಿಟ್ಟಾಗುವುದಿಲ್ಲ. ಸಿಟ್ಟು ಬಂದ ದಿನ ಅವಳಿಗೆ ಮೊದಲೇ ಹೇಳಿ, ಬಸ್‌ ಸ್ಟ್ಯಾಂಡಿನತನಕ ಗುನುಗುತ್ತ ನಡೆದು ತಿರುಗಿ ಬರುತ್ತಾನೆ. ವಾರಕ್ಕೊಮ್ಮೆ ಲಿಂಗಸೂಗೂರು ತಪ್ಪಿಲ್ಲ.

ಅಣ್ಣನ ಕೊಲೆಯದು, ಕೊಡಲಿ ಏಟಿನದು, ಎರಡೂ ಕೇಸು ಸಿಂಧನೂರಿನಲ್ಲಿ ನಡೆಯುತ್ತಿವೆ. ಮೊನ್ನೆ ಎರಡಕ್ಕೂ ಒಂದೇ ದಿನ ತಾರೀಖು ಬಿದ್ದಿತ್ತು. ಕೋರ್ಟಿನ ವರಾಂಡದಲ್ಲಿ ಇದ್ದದ್ದು ಒಂದೇ ಬೆಂಚು. ಭುಜ ಜೋತುಬಿದ್ದ ಸೂಗಪ್ಪ ಒಂದು ತುದಿಗೆ, ಶಿವಕಾಂತ ಇನ್ನೊಂದು ತುದಿಗೆ. ಇಬ್ಬರ ನಡುವೆ ಅಶ್ವಿನಿ ಬಂದು ಕೂತಳು. ಜವಾನ ಹೆಸರು ಕೂಗುವವರೆಗೂ ಮೂವರೂ ಹಾಗೆಯೇ ಕೂತಿದ್ದರು.