ಸೂರ್ಯಾಳ ಪರವಾಗಿ ಹೊನ್ನವ್ವ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಪ್ರಭುಲಿಂಗಪ್ಪನ ದಲಾಲಿ ಅಂಗಡಿ ಯಾರಿಗೆ ಗೊತ್ತಿಲ್ಲ? ಅವನ ಹೆಂಡತಿ ಹೊನ್ನವ್ವ ಮಾತ್ರ ಓಣಿಯ ಆಚೆ ಅಷ್ಟಾಗಿ ಯಾರಿಗೂ ಗೊತ್ತಿರಲಿಲ್ಲ. ಕರ್ಜಗಿಯ ರೈತರ ಮನೆಯ ಮಗಳು. ಏಳನೇ ಇಯತ್ತೆಗೆ ಶಾಲೆ ಬಿಡಿಸಿದ್ದರು. ಆ ಸಿಟ್ಟು ಐವತ್ತು ದಾಟಿದರೂ ಆರಿರಲಿಲ್ಲ. ನಳದ ಹತ್ತಿರ ಪಾಳಿ ಮುರಿದವರನ್ನಾಗಲಿ, ಮದುವೆಯಲ್ಲಿ ಬಡ ಬೀಗರನ್ನು ಕೊನೆಯ ಪಂಕ್ತಿಗೆ ಕೂರಿಸಿದವರನ್ನಾಗಲಿ ಆಕೆ ಸುಮ್ಮನೆ ಬಿಟ್ಟವಳಲ್ಲ. "ಹೊನ್ನವ್ವ ಬಂದ್ಲು, ನೆಟ್ಟಗ ನಿಂದರ್ರಿ" ಎಂದು ಓಣಿಯ ಹೆಣ್ಣುಮಕ್ಕಳು ನಗುತ್ತಿದ್ದರು.

ಇಂಥ ಹೆಣ್ಣುಮಗಳಿಗೆ ಬರ್ಫದ ಮೇಲೆ ಜಾರುತ್ತ ಕುಣಿಯುವ ಫಿಗರ್ ಸ್ಕೇಟಿಂಗಿನ ಹುಚ್ಚು ಹಿಡಿದದ್ದು ತೊಂಬತ್ತೆಂಟರಲ್ಲಿ. ಹಿತ್ತಲಿನ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದು ಪಾದದ ಹರಡು ಮುರಿದಿತ್ತು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಪಡಸಾಲೆಯಲ್ಲಿ ಮಲಗಿದ್ದಳು. ಮಧ್ಯಾಹ್ನ ಮಗಳು ಸ್ನೇಹಾ ಟೀವಿ ಹಚ್ಚಿದಾಗ ಜಪಾನಿನಲ್ಲಿ ನಡೆಯುತ್ತಿದ್ದ ಚಳಿಗಾಲದ ಒಲಿಂಪಿಕ್ಸ್ ಬರುತ್ತಿತ್ತು. ಬರ್ಫದ ಅಂಗಳದಲ್ಲಿ ಒಬ್ಬ ಕಪ್ಪು ಹುಡುಗಿ ನಿಂತಿದ್ದಳು. ಫ್ರಾನ್ಸಿನವಳು, ಹೆಸರು ಸೂರ್ಯಾ ಬೊನಾಲಿ. ಆಕೆಯ ಹಿಮ್ಮಡಿಯ ನರ ಹರಿದು ದೊಡ್ಡ ಪೆಟ್ಟಾಗಿತ್ತು, ಅದರಿಂದ ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ ಎಂದು ಸ್ನೇಹಾ ಇಂಗ್ಲಿಷ್ ಕೇಳಿ ಕನ್ನಡದಲ್ಲಿ ಹೇಳಿದಳು. ಮುರಿದ ಕಾಲಿನ ಹೊನ್ನವ್ವ ಎದ್ದು ಕುಳಿತಳು.

ಆಟದ ನಡುವೆ ಆ ಹುಡುಗಿ ಹಿಂದಕ್ಕೆ ಲಾಗ ಹಾಕಿ ಒಂದೇ ಕಾಲಿನ ಮೇಲೆ ಇಳಿದಳು. ಹಾಗೆ ಲಾಗ ಹಾಕುವುದಕ್ಕೆ ನಿಷೇಧವಿತ್ತು, ಅಂಕ ಕಡಿಮೆಯಾಗುತ್ತದೆಂದು ಆಕೆಗೆ ಗೊತ್ತಿತ್ತು. ಆಟ ಮುಗಿದ ಮೇಲೆ ತೀರ್ಪುಗಾರರಿಗೆ ಬೆನ್ನು ಹಾಕಿ ಜನರ ಕಡೆ ಬಾಗಿದಳು. ಕೊನೆಗೆ ಸಿಕ್ಕಿದ್ದು ಹತ್ತನೇ ಸ್ಥಾನ.

"ಹತ್ತನೇದು?" ಎಂದಳು ಹೊನ್ನವ್ವ. "ಅಂಕ ಹಾಕಾಕ ಕುಂತವರ ಕಣ್ಣಾಗ ಏನು ಬಿದ್ದಿತ್ತಂತ?"

ಅಂದಿನಿಂದ ಕೇಬಲ್ಲಿನಲ್ಲಿ ಎಲ್ಲಿ ಸ್ಕೇಟಿಂಗ್ ಬಂದರೂ ಆಕೆ ಬಿಡುತ್ತಿರಲಿಲ್ಲ. ಇಂಗ್ಲಿಷ್ ತಿಳಿಯದಿದ್ದರೂ ಯಾರು ಎಷ್ಟು ಸುತ್ತು ತಿರುಗಿ ಇಳಿದರು, ಯಾರ ಕಾಲು ಅಲುಗಿತು ಎಂಬುದು ಕಣ್ಣಿಗೆ ಕಾಣುತ್ತಿತ್ತಲ್ಲ. ಸ್ನೇಹಾ ಮದುವೆಯಾಗಿ ದಾವಣಗೆರೆಗೆ ಹೋದ ಮೇಲೂ ಫೋನಿನಲ್ಲಿ ತಾಯಿ ಮಗಳ ಮಾತು ಅದೇ. ಎರಡು ಸಾವಿರದ ಎರಡರ ಒಲಿಂಪಿಕ್ಸಿನಲ್ಲಿ ತೀರ್ಪಿನದೇ ಗದ್ದಲವಾಗಿ ಎರಡು ಜೋಡಿಗಳಿಗೆ ಚಿನ್ನ ಕೊಡಬೇಕಾಗಿ ಬಂದಾಗ, "ನಾ ಹೇಳಿದ್ದು ಖರೇ ಆತಿಲ್ಲೋ" ಎಂದು ಆಕೆ ವಾರಗಟ್ಟಲೆ ಹೇಳಿಕೊಂಡು ತಿರುಗಿದಳು. ಪ್ರಭುಲಿಂಗಪ್ಪ ಇದಕ್ಕೆಲ್ಲ "ಹೂಂ" ಎನ್ನುತ್ತಿದ್ದ, ಅಷ್ಟೇ.

ಎರಡು ಸಾವಿರದ ಆರರಲ್ಲಿ ಮತ್ತೆ ಚಳಿಗಾಲದ ಒಲಿಂಪಿಕ್ಸ್ ಬಂತು. ಆಗ ಹಾವೇರಿಯಿಂದ ಹೊರಡುತ್ತಿದ್ದ ಒಂದು ವಾರಪತ್ರಿಕೆಯಲ್ಲಿ 'ಸಾರ್ವಕಾಲಿಕ ಶ್ರೇಷ್ಠ ಸ್ಕೇಟರುಗಳು' ಎಂದು ಹತ್ತು ಜನರನ್ನು ಆರಿಸಿ ಅರ್ಧ ಪುಟ ಬರೆದಿದ್ದರು. ಮೂರು ಚಿನ್ನದವಳು, ಎರಡು ಚಿನ್ನದವಳು ಎಂದು ಪದಕದ ಮೇಲೆಯೇ ಲೆಕ್ಕ. ಸೂರ್ಯಾಳ ಹೆಸರು ಕೊನೆಯ ಸಾಲಿನಲ್ಲಿತ್ತು: 'ಬೊನಾಲಿಯಂಥ ದೊಂಬರಾಟದವರನ್ನು ಪರಿಗಣಿಸಿಲ್ಲ.'

ಹೊನ್ನವ್ವ ಆ ಸಾಲನ್ನು ಎರಡು ಸಲ ಓದಿದಳು. ಒಲೆಯ ಮೇಲಿನ ಸಾರು ಇಳಿಸಿ, ಸೀರೆ ಬದಲಿಸಿ, ಹಾವೇರಿಯ ಬಸ್ಸು ಹತ್ತಿದಳು.

ಪತ್ರಿಕೆಯ ಕಚೇರಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮಾಳಿಗೆಯ ಮೇಲಿತ್ತು. ಲೇಖನ ಬರೆದ ವೀರೇಂದ್ರ ಎಂಬ ಉಪಸಂಪಾದಕ ಚಹಾ ಕುಡಿಯುತ್ತ ಕುಳಿತಿದ್ದ.

"ತಮ್ಮಾ, ಇದನ್ನ ಬರದಾವ ನೀನೇನು?"

"ಹೌದ್ರಿ ಅವ್ವಾರ. ಕುಂದ್ರಿ. ಏನಾತು?"

"ಆ ಹುಡಿಗಿ ಆಟ ನೋಡೀಯೇನು?"

ಅವನು ನೋಡಿರಲಿಲ್ಲ. ಇಂಟರ್‌ನೆಟ್ಟಿನಿಂದ ತೆಗೆದದ್ದು ಎಂದು ಒಪ್ಪಿಕೊಂಡ.

"ನೋಡಲಾರದ ಹೆಂಗ ದೊಂಬರಾಟ ಅಂದಿ? ಅಷ್ಟಕ್ಕೂ ದೊಂಬರಾಟ ಅಂದ್ರ ಸಣ್ಣದೇನು? ನಮ್ಮ ಊರಾಗ ದೊಂಬರ ಹೆಣ್ಣುಮಕ್ಕಳು ಹಗ್ಗದ ಮ್ಯಾಲ ನಡೀತಿದ್ರು. ನೀ ಒಂದೀಟು ನೆಲದ ಮ್ಯಾಲ ಒಂಟಿಗಾಲಾಗ ನಿಂತು ತೋರಸು. ಆಮ್ಯಾಲ ಮಾತಾಡೂಣು."

ವೀರೇಂದ್ರ ಕೆಟ್ಟವನಲ್ಲ. ನಗುತ್ತಲೇ ಕಾಗದ ತೆಗೆದುಕೊಂಡ. "ನೀವು ಹೇಳ್ರಿ, ನಾ ಬರಕೋತೀನಿ. ಮುಂದಿನ ವಾರ ಹಾಕೂಣು" ಎಂದ. ಹೊನ್ನವ್ವ ಎಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೆಲ್ಲ ಹೇಳಿದಳು. ತೊಂಬತ್ನಾಲ್ಕರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಕೂದಲೆಳೆಯಲ್ಲಿ ಚಿನ್ನ ತಪ್ಪಿ, ಕೊರಳಿಗೆ ಹಾಕಿದ ಬೆಳ್ಳಿಯನ್ನು ಸೂರ್ಯಾ ಅಲ್ಲೇ ತೆಗೆದದ್ದು, ನೋವಿನ ಕಾಲು, ಲಾಗ, ಒಂಟಿಗಾಲು. ಆಕೆಯೇ ಎಲ್ಲರಿಗಿಂತ ದೊಡ್ಡವಳೆಂದೂ ಸೇರಿಸಿದಳು. ಅವನು ಬರೆದುಕೊಂಡು, ಮನೆಯವರ ಹೆಸರು ಕೇಳಿದ. ವಿಳಾಸಕ್ಕಿರಬೇಕೆಂದುಕೊಂಡು ಆಕೆ ಗಂಡನ ಹೆಸರು ಹೇಳಿದಳು.

ಮುಂದಿನ ವಾರ ಲೇಖನ ಬಂತು. ಆಕೆ ಹೇಳಿದ ಮಾತುಗಳೇ ಇದ್ದವು. ಕೆಳಗೆ ಹೆಸರು: ಪ್ರಭುಲಿಂಗಪ್ಪ, ವರ್ತಕರು, ಬ್ಯಾಡಗಿ.

ಆಕೆ ಫೋನು ಮಾಡಿ ಕೇಳಿದಾಗ ವೀರೇಂದ್ರ ಸಮಾಧಾನ ಹೇಳಿದ. "ಮನಿ ಹೆಣ್ಣುಮಗಳು ಬರ್ಫದ ಆಟದ ಸಲುವಾಗಿ ಜಗಳಾಡ್ಯಾಳ ಅಂದ್ರ ಓದಾವ್ರು ನಗತಿದ್ರು ಅವ್ವಾರ. ಯಜಮಾನ್ರ ಹೆಸರಿಗೆ ತೂಕ ಐತಿ. ನಿಮ್ಮ ಮನಿಗೇ ಬಂತಲ್ಲ ಮರ್ಯಾದಿ."

"ನಕ್ಕಿದ್ರ ನನ್ನ ನೋಡಿ ನಗತಿದ್ರು. ನಿನಗೇನು ಬ್ಯಾನಿ?" ಎಂದು ಆಕೆ ಫೋನು ಇಟ್ಟಳು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಬೇಕೆಂದು ಮತ್ತೆರಡು ಸಲ ಕೇಳಿದಳು. ಹಾಕುತ್ತೇವೆ ಎಂದರು, ಹಾಕಲಿಲ್ಲ.

ಇತ್ತ ಮಾರುಕಟ್ಟೆಯಲ್ಲಿ ಪ್ರಭುಲಿಂಗಪ್ಪನ ಬೆನ್ನು ತಟ್ಟುವವರೇ ಎಲ್ಲ. ಮೊದಲ ದಿನ ಅವನಿಗೆ ಮುಜುಗರವಾಯಿತು. ಮೂರನೇ ದಿನಕ್ಕೆ ರೂಢಿಯಾಯಿತು. ರಾಣೆಬೆನ್ನೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನವರು ಬಂದು, ಕ್ರೀಡಾ ದಿನಕ್ಕೆ ಅತಿಥಿಯಾಗಿ ಬರಬೇಕು, ಜಗತ್ತಿನ ಶ್ರೇಷ್ಠ ಸ್ಕೇಟರುಗಳ ಬಗ್ಗೆ ಮಾತಾಡಬೇಕು ಎಂದರು. ಅವನು ಒಪ್ಪಿಕೊಂಡ. ಹೊನ್ನವ್ವನಿಗೆ ಇದು ಗೊತ್ತಾದದ್ದು ಊಟದ ಹೊತ್ತಿನಲ್ಲಿ. ರೊಟ್ಟಿ ಮುರಿಯುತ್ತ ಅವನು ಕೇಳಿದ:

"ಏನ, ಆ ಲಾಗಾ ಹಾಕತಿದ್ನಲ್ಲ ಹುಡುಗ, ಸೂರ್ಯ, ಅವ ಯಾವ ದೇಶದಾವ?"

ಹೊನ್ನವ್ವನ ಕೈಯಲ್ಲಿದ್ದ ಪಲ್ಯದ ಚಮಚ ನಿಂತಿತು. ತನ್ನ ಹೆಸರಿನಲ್ಲಿ ಅಚ್ಚಾದದ್ದನ್ನು ಈ ಮನುಷ್ಯ ಓದಿರಲೂ ಇಲ್ಲ.

"ಯಾಕ ಕೇಳತೀರಿ?"

ಅವನು ಕಾಲೇಜಿನವರು ಕರೆದ ಸುದ್ದಿ ಹೇಳಿದ.

"ಒಪ್ಪಿಕೊಂಡವ್ರು ನೀವು. ನೀವ ಮಾತಾಡ್ರಿ" ಎಂದು ಆಕೆ ಎದ್ದು ಒಳಗೆ ಹೋದಳು.

ಆದರೂ ಕ್ರೀಡಾ ದಿನದಂದು ಆಕೆ ಅವನ ಜೊತೆ ರೈಲಿನಲ್ಲಿ ರಾಣೆಬೆನ್ನೂರಿಗೆ ಹೊರಟಳು. ದಾರಿಯುದ್ದಕ್ಕೂ ಅವನು ಒಂದೆರಡು ಮಾತು ಹೇಳಿಕೊಡೆಂದು ಕೇಳಿದ. ಆಕೆ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಸಭೆಯಲ್ಲಿ ಅವನನ್ನು ವೇದಿಕೆಯ ಮೇಲೆ ಕೂರಿಸಿದರು, ಆಕೆಯನ್ನು ಹುಡುಗಿಯರ ನಡುವೆ ಎರಡನೇ ಸಾಲಿನಲ್ಲಿ. ಅವನು ಆರೋಗ್ಯವೇ ಭಾಗ್ಯ ಎಂದು ಶುರು ಮಾಡಿ, ನಮ್ಮ ಕಾಲದ ಕಬಡ್ಡಿಗೆ ಬಂದು, ಮೆಣಸಿನಕಾಯಿಯ ಪೇಟೆಗೆ ಹೋಗಿ, ಹೇಗೋ ಮುಗಿಸಿದ. ಆಗ ಬೇನಜೀರ ಎಂಬ ಹುಡುಗಿ ಎದ್ದು ನಿಂತಳು. ಆಕೆಯ ಅಣ್ಣ ಕೇಬಲ್ ನಡೆಸುತ್ತಿದ್ದರಿಂದ ಆಕೆಯೂ ಸ್ಕೇಟಿಂಗ್ ನೋಡಿದವಳು.

"ಸರ್, ಒಂದು ಲಾಗಾ ಹಾಕಿದ್ದಕ್ಕ ಆ ಸೂರ್ಯಾ ಎಲ್ಲಾರಕಿಂತ ದೊಡ್ಡಾಕಿ ಅಂತ ನೀವು ಹೆಂಗ ಬರದ್ರಿ? ನನಗ ಒಪ್ಪಿಗಿ ಇಲ್ರಿ."

ಪ್ರಭುಲಿಂಗಪ್ಪ ನೀರು ಕುಡಿದ. ಎರಡನೇ ಸಾಲಿನ ಕಡೆ ನೋಡಿದ. ಕೊನೆಗೆ ಅವನು ನಕ್ಕು, "ನಮ್ಮ ಮನಿಯವ್ರು ಬಂದಾರ. ಈ ವಿಷಯ ನಾ ಅವ್ರಿಗೂ ಚೆಂದಾಗಿ ಹೇಳಿಕೊಟ್ಟೇನಿ. ಅವ್ರ ಉತ್ತರಾ ಕೊಡತಾರ" ಎಂದ.

ಹೊನ್ನವ್ವ ಎದ್ದಳು. "ಸುಳ್ಳು" ಎಂದಳು. "ಅವ್ರು ನನಗೇನೂ ಹೇಳಿಕೊಟ್ಟಿಲ್ಲ. ಆ ಮಾತೆಲ್ಲಾ ನಂದು. ಪೇಪರಿನವ್ರು ಇವ್ರ ಹೆಸರು ಹಾಕಿದ್ರು, ಇವ್ರು ಬ್ಯಾಡ ಅನಲಿಲ್ಲ."

ವೇದಿಕೆ ಹತ್ತಲಿಲ್ಲ, ಮೈಕು ಕೇಳಲಿಲ್ಲ. ನಿಂತಲ್ಲಿಂದಲೇ ಬೇನಜೀರಳ ಕಡೆ ತಿರುಗಿದಳು. "ಲಾಗಾದ ಸಲುವಾಗಿ ಅಲ್ಲವ್ವಾ. ಗೆಲ್ಲಾಕ ಆಗೂದಿಲ್ಲ ಅಂತ ಗೊತ್ತಾದ ಮ್ಯಾಲ ಎಲ್ಲಾರೂ ಕಡೀಕ ಒಂದು ಪದಕರೆ ಸಿಗಲಿ ಅಂತ ಆಡತಾರ. ಆಕಿ ತನಗ ಏನು ಬರತೈತಿ ಅದನ್ನ ತೋರಿಸಿ ಹೋದ್ಲು. ಅಂಥಾಕೀನ ಲೆಕ್ಕದಾಗ ಹಿಡಿಯೂದಿಲ್ಲ ಅಂದ್ರ ಅದು ಎಂಥಾ ಲೆಕ್ಕ?"

"ಹಂಗಂದ್ರ ಮಿಶೆಲ್ ಕ್ವಾನ್?" ಎಂದಳು ಹುಡುಗಿ, ಜಗ್ಗದೆ. "ಐದು ಸಲ ವಿಶ್ವ ಚಾಂಪಿಯನ್, ಒಲಿಂಪಿಕ್ ಚಿನ್ನ ಸಿಗಲಿಲ್ಲ. ಆಕಿ ಬರ್ಫದ ಮ್ಯಾಲ ಹೋಗೂದು ನೋಡಿದ್ರ ಕಣ್ಣಾಗ ನೀರು ಬರತಾವ. ಆಕೀಗೂ ಅನ್ಯಾಯ ಆಗಿಲ್ಲೇನ್ರಿ?"

ಹೊನ್ನವ್ವ ತಲೆಯಾಡಿಸಿ ಒಪ್ಪಿದಳು. "ಆಗೈತಿ. ಆದ್ರ ಆಕೀನ ದೊಂಬರಾಟದಾಕಿ ಅಂತ ಯಾರೂ ಅಂದಿಲ್ಲ."

ಹುಡುಗಿಯರು ಚಪ್ಪಾಳೆ ತಟ್ಟಿದರು. ಪ್ರಾಂಶುಪಾಲರು ಗಡಬಡಿಸಿ ಎದ್ದು ವಂದನಾರ್ಪಣೆ ಮುಗಿಸಿದರು. ಶಾಲು, ಹಣ್ಣಿನ ಬುಟ್ಟಿಯನ್ನು ತಂದು ಪ್ರಭುಲಿಂಗಪ್ಪನಿಗೇ ಕೊಟ್ಟರು. ಇಷ್ಟೆಲ್ಲ ಕೇಳಿದ ಮೇಲೂ. ಅವನು ಶಾಲು ಹೊದ್ದುಕೊಂಡೇ ಕೆಳಗಿಳಿದು ಬಂದ.

ರೈಲಿನಲ್ಲಿ ಅವನು ಶಾಲನ್ನು ಮಡಚಿ ಆಕೆಯ ತೊಡೆಯ ಮೇಲಿಟ್ಟ. "ತಗೋ, ನಿಂದ ಐತಿ" ಎಂದ.

"ನೀವು ಕೊಟ್ರ ನಂದು ಹೆಂಗ ಆಗತೈತ್ರಿ? ಅವ್ರು ಕೊಡಬೇಕಿತ್ತು" ಎಂದು ಆಕೆ ಅದನ್ನು ಪಕ್ಕದ ಸೀಟಿಗೆ ಸರಿಸಿದಳು.

ಮಾರುಕಟ್ಟೆಯಲ್ಲಿ ಯಾರಾದರೂ ಲೇಖನದ ಮಾತು ತೆಗೆದರೆ ಪ್ರಭುಲಿಂಗಪ್ಪ ಆಮೇಲೆ, "ನಾವಿಬ್ರೂ ಕೂಡಿ ಬರದದ್ದು" ಎನ್ನತೊಡಗಿದ. ಅದು ಹೊನ್ನವ್ವನ ಕಿವಿಗೆ ಬಿತ್ತು. ಅರ್ಧ ಸುಳ್ಳಿಗೆ ಅರ್ಧ ಕ್ಷಮೆಯೂ ಇಲ್ಲ ಎಂದು ಅಡುಗೆಮನೆಯಿಂದಲೇ ಹೇಳಿದಳು. ಆ ವಾರಪತ್ರಿಕೆಯನ್ನು ಮನೆಗೆ ತರಿಸುವುದು ನಿಲ್ಲಿಸಿದಳು.

ಮರುವರ್ಷ ಮಾರ್ಚಿನಲ್ಲಿ ಟೋಕಿಯೋದಲ್ಲಿ ವಿಶ್ವ ಚಾಂಪಿಯನ್‌ಷಿಪ್ ಇತ್ತು. ಬೇನಜೀರ ತಾಯಿ ಹಸೀನಾಬಿಯನ್ನು ಕರೆದುಕೊಂಡು, ವಿಳಾಸ ಕೇಳುತ್ತ ಕೇಳುತ್ತ ಬ್ಯಾಡಗಿಯ ಮನೆಗೆ ಬಂದಳು. ಅಣ್ಣ ಕೈಸರ ಕೇಬಲ್ ಇಟ್ಟುಕೊಂಡಿದ್ದರೂ ಮನೆಯಲ್ಲಿ ಕ್ರಿಕೆಟ್ಟಿನ ಮುಂದೆ ಬೇರೆ ಏನೂ ನೋಡಗೊಡುತ್ತಿರಲಿಲ್ಲವಂತೆ. ಹೊನ್ನವ್ವ ಚಾಪೆ ಹಾಸಿ, ಮಂಡಕ್ಕಿ ಹಚ್ಚಿ ಮುಂದಿಟ್ಟಳು. ಆ ದಿನದ ಆಟದಲ್ಲಿ ಮಾವೊ ಅಸಾದಾ ಎಲ್ಲರಿಗಿಂತ ಮೇಲಾದರೂ ಒಟ್ಟು ಲೆಕ್ಕದಲ್ಲಿ ಕೂದಲೆಳೆಯಷ್ಟು ಹಿಂದೆ ಬಿದ್ದು ಚಿನ್ನ ಮಿಕಿ ಆಂಡೋಳ ಪಾಲಾಯಿತು.

"ನ್ಯಾಯಾನ ಆತು" ಎಂದಳು ಬೇನಜೀರ. "ಎರಡೂ ದಿನದ್ದು ಕೂಡಿಸಬೇಕಲ್ರಿ."

"ಯಾವ ನ್ಯಾಯ? ಇವತ್ತ ಯಾರು ಚೆಂದ ಆಡಿದ್ಲು, ಅದನ್ನ ಹೇಳು ಮೊದಲ" ಎಂದು ಹೊನ್ನವ್ವ ಆಕೆಯ ಕಡೆ ತಿರುಗಿ ಕುಳಿತಳು. ಹಸೀನಾಬಿ ಮಂಡಕ್ಕಿಯ ತಾಟನ್ನು ಇಬ್ಬರ ನಡುವಿನಿಂದ ತನ್ನ ಕಡೆ ಎಳೆದುಕೊಂಡಳು.