ಹೆಬ್ಬೆಟ್ಟಿಗೆ ರಜೆ

ಅಂಜಿನಮ್ಮ ಅನ್ನ ಮಾಡುತ್ತಿದ್ದಾರೆ. ಒಂದೊಂದೇ ಅಗುಳು.

ಬೆಳಗಿನ ಐದೂವರೆ. ಚಾಮರಾಜಪೇಟೆಯ ಒಂದು ವಠಾರದ ಕಟ್ಟಕಡೆಯ ಕೋಣೆ. ಹೊರಗೆ ನಲ್ಲಿಯ ಮುಂದೆ ಕೊಡಗಳ ಸಾಲು ಆಗಲೇ ಬೆಳೆದಿದೆ, ಕೃಷ್ಣರಾಜ ಮಾರುಕಟ್ಟೆಯಿಂದ ಹೂವಿನ ಮೂಟೆ ಹೇರಿಕೊಂಡ ಆಟೋಗಳು ಓಡುತ್ತಿವೆ. ಒಳಗೆ ಟ್ಯೂಬ್‌ಲೈಟಿನ ನೇರ ಕೆಳಗೆ, ತೊಡೆಯ ಮೇಲೆ ಗಾಜಿನ ಹಲಗೆ ಇಟ್ಟುಕೊಂಡು ಅವರು ಬಿಳಿ ಕ್ಲೇಯ ಎಳೆಯಿಂದ ಸಾಸಿವೆಯಷ್ಟು ಚಿವುಟುತ್ತಾರೆ. ಅದನ್ನು ತೋರುಬೆರಳು ಮತ್ತು ನಡುಬೆರಳಿನ ಮಧ್ಯೆ ಉರುಳಿಸುತ್ತಾರೆ. ಎರಡೂ ತುದಿ ಚೂಪಾದ ಮೇಲೆ ಸೂಜಿಯಿಂದೆತ್ತಿ ಬಾಳೆ ಎಲೆಯ ಮೇಲೆ ಕೂರಿಸುತ್ತಾರೆ. ಎಲೆಯೂ ಕ್ಲೇಯದ್ದೇ, ಎರಡು ಇಂಚು ಉದ್ದ. ಅವರ ಬಲಗೈ ಹೆಬ್ಬೆರಳಿಗೆ ಬಿಳಿ ಬಟ್ಟೆ ಸುತ್ತಿ ದಾರ ಕಟ್ಟಿದೆ.

"ಪೆಟ್ಟಾಯ್ತಾ?" ಎಂದು ಕೇಳುತ್ತೇನೆ.

"ಇಲ್ಲ ಮೇಡಂ. ಅದಕ್ಕೆ ರಜೆ ಕೊಟ್ಟಿದೀನಿ. ಇವತ್ತಿಗೆ ಹದಿನೇಳು ದಿನ."

ಐವತ್ತಮೂರು ವರ್ಷದ ಅಂಜಿನಮ್ಮ ಮಾಡುವ ವಸ್ತುವನ್ನು ನೀವು ಖಂಡಿತ ನೋಡಿದ್ದೀರಿ. ಮದುವೆ, ಗೃಹಪ್ರವೇಶಗಳಲ್ಲಿ ತಾಂಬೂಲದ ಜೊತೆ ಕೊಡುತ್ತಾರಲ್ಲ, ಫ್ರಿಜ್ಜಿಗೆ ಅಂಟಿಸುವ ಪುಟ್ಟ ಎಲೆ ಊಟ, ಅದು. ಉಪ್ಪು, ಉಪ್ಪಿನಕಾಯಿ, ಎರಡು ಕೋಸಂಬರಿ, ಎರಡು ಪಲ್ಯ, ಚಿತ್ರಾನ್ನ, ಹಪ್ಪಳ, ಒಬ್ಬಟ್ಟು, ನಡುವೆ ಅನ್ನ, ಅನ್ನದ ಮೇಲೆ ತೊವ್ವೆ, ಅದರ ಮೇಲೆ ತುಪ್ಪದ ಹೊಳಪು. ಎಲೆಯ ತುದಿ ಎಡಕ್ಕೇ ಇರಬೇಕು. ನನ್ನ ಮನೆಯ ಫ್ರಿಜ್ಜಿನ ಮೇಲೂ ಒಂದಿದೆ. ಮೂರು ವರ್ಷದಿಂದ ಅದರಡಿ ಗ್ಯಾಸಿನ ಚೀಟಿ ಸಿಕ್ಕಿಸುತ್ತಿದ್ದೇನೆ, ಇದನ್ನು ಮಾಡಿದವರು ಯಾರು ಎಂದು ಒಂದು ದಿನವೂ ಯೋಚಿಸಿದವಳಲ್ಲ. ಪತ್ರಿಕೆಗೆ ಬರೆಯಲೆಂದು ಎಲೆಮರೆಯ ಕಾಯಿಗಳನ್ನು ಹುಡುಕುತ್ತ ಊರೆಲ್ಲ ಅಲೆಯುವ ನನಗೆ ಸ್ವಂತ ಅಡುಗೆಮನೆಯ ಎಲೆ ಕಾಣಲಿಲ್ಲ. ನಾಚಿಕೆಯಾಗುತ್ತದೆ.

ಪಾಲಿಮರ್ ಕ್ಲೇ ಹೆಸರಿಗಷ್ಟೇ ಮಣ್ಣು. ಮುಟ್ಟಿದರೆ ಒಬ್ಬಟ್ಟಿನ ಕಣಕದ ಹಾಗೆ, ಗಾಳಿಗೆ ಒಣಗುವುದಿಲ್ಲ, ಪುಟ್ಟ ಓವನ್ನಿನಲ್ಲಿ ಅರ್ಧ ಗಂಟೆ ಬೇಯಿಸಿದರೆ ಮಾತ್ರ ಗಟ್ಟಿಯಾಗುತ್ತದೆ. ಬೇಯಿಸುವ ಮೊದಲು ಅದನ್ನು ಎಲ್ಲಿ ಮುಟ್ಟಿದರೂ ಬೆರಳಿನ ಗೆರೆಯ ಅಚ್ಚು ಬೀಳುತ್ತದೆ, ಬೆಂದ ಮೇಲೆ ಆ ಅಚ್ಚು ಹಾಗೇ ಉಳಿಯುತ್ತದೆ. ಈ ಕೆಲಸದ ದೊಡ್ಡ ವೈರಿ ಅದೇ. ಹಾಗಾಗಿ ಹಸಿಯಿರುವಾಗ ಸ್ಪಿರಿಟ್ಟಿನಿಂದ ಒರೆಸಬೇಕು, ಬೆಂದ ಮೇಲೆ ನೀರಿನಲ್ಲಿ ಅದ್ದಿ ಎಮರಿ ಪೇಪರಿನಲ್ಲಿ ಉಜ್ಜಬೇಕು. ಮೊದಲು ದೊರಗು ಪೇಪರು, ಆಮೇಲೆ ನಯದ್ದು, ಕೊನೆಗೆ ಬಟ್ಟೆ. ಎರಡಿಂಚಿನ ಎಲೆಯನ್ನು ಉಜ್ಜುವಾಗ ಬೆರಳೂ ಪೇಪರಿಗೆ ಸಿಕ್ಕೇ ಸಿಗುತ್ತದೆ.

"ಗ್ಲೌಸ್ ಹಾಕ್ಕೋಬಾರ್ದಾ?" ಎಂದು ಕೇಳಿದ್ದಕ್ಕೆ ಅವರು ನಗುತ್ತಾರೆ. "ಹಾಕ್ಕೊಂಡ್ರೆ ಅಗುಳು ಕೈಗೆ ಗೊತ್ತೇ ಆಗಲ್ಲ ಮೇಡಂ. ಅಕ್ಕಿ ಹೋಗಿ ಇಡ್ಲಿ ಆಗ್ಬಿಡುತ್ತೆ."

ಒಂದು ಎಲೆಗೆ ಅರವತ್ತು ಅಗುಳು. ಹೆಬ್ಬೆರಳಿಗೆ ಬಿಡುವಿಲ್ಲದ ದಿನಗಳಲ್ಲಿ ದಿನಕ್ಕೆ ಇಪ್ಪತ್ತು ಎಲೆ ಏಳುತ್ತಿದ್ದವು. ಈಗ ಏಳೋ ಎಂಟೋ. ಒಂದು ಎಲೆಗೆ ಅವರ ಕೈಗೆ ಎಷ್ಟು ಬರುತ್ತದೆ ಎಂಬುದನ್ನು ಬರೆಯಬೇಡಿ ಎಂದಿದ್ದಾರೆ. ಬರೆಯುವುದಿಲ್ಲ. ಬರೆದರೆ ಓದುವವರಿಗೆ ಕಾಫಿ ಕಹಿಯಾದೀತು.

ಅಂಜಿನಮ್ಮನ ತಾಯಿ ಚಿಕ್ಕಮುನಿಯಮ್ಮ. ನೆಲಮಂಗಲದ ಕಡೆಯಿಂದ ಮದುವೆಯಾಗಿ ಬಂದು, ಮಾರುಕಟ್ಟೆಯಲ್ಲಿ ಸೊಪ್ಪು ಕೊಂಡು ತಲೆ ಮೇಲೆ ಹೊತ್ತು ಬಸವನಗುಡಿಯ ಬೀದಿಗಳಲ್ಲಿ ನಲವತ್ತು ವರ್ಷ ಮಾರಿದವರು. ಓದು ಬಾರದ ಹೆಂಗಸು. ಮಗಳನ್ನು ಮಾತ್ರ ಏಳನೇ ತರಗತಿವರೆಗೆ ಓದಿಸಿದರು. ಅಂಜಿನಮ್ಮ ಊದುಬತ್ತಿ ಹೊಸೆದರು, ಮಲ್ಲೇಶ್ವರದಲ್ಲಿ ಮನೆಗೆಲಸ ಮಾಡಿದರು. ಮಕ್ಕಳಾಗಲಿಲ್ಲ. ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ ಗಂಡ ಒಂಬತ್ತು ವರ್ಷದ ಹಿಂದೆ ಎದೆನೋವಿನಿಂದ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ತಾಯಿ, ಮಗಳು ಇಬ್ಬರೇ.

ಕ್ಲೇ ಕೈಗೆ ಬಂದದ್ದು ಕಸ ಗುಡಿಸುವಾಗ. ಅವರು ಕೆಲಸಕ್ಕಿದ್ದ ಶಕುಂತಲಮ್ಮನವರ ಮನೆಯ ಹಜಾರದಲ್ಲಿ ವಾರಕ್ಕೆರಡು ದಿನ ಕ್ಲೇ ತರಗತಿ ನಡೆಯುತ್ತಿತ್ತು. ನೆಲಕ್ಕೆ ಬಿದ್ದ ಚೂರುಗಳನ್ನು ಸೇರಿಸಿ ಅಂಜಿನಮ್ಮ ಒಂದು ಉದ್ದಿನ ವಡೆ ಮಾಡಿಟ್ಟರು, ನಡುವಿನ ತೂತಿನ ಸಮೇತ. ಅದನ್ನು ನೋಡಿದ ಶಕುಂತಲಮ್ಮ ಮರುದಿನವೇ ಪೊರಕೆ ಬಿಡಿಸಿ ಕ್ಲೇ ಹಿಡಿಸಿದರು. ಅದಾಗಿ ಹನ್ನೊಂದು ವರ್ಷ. ಈಗ ಎಲೆ ಊಟದ ಆರ್ಡರುಗಳೆಲ್ಲ ಅವರ ಮೂಲಕವೇ ಬರುತ್ತವೆ.

ಶಕುಂತಲಮ್ಮನವರಿಗೆ ಈಗ ಎಪ್ಪತ್ತು. ಪಂಚಾಂಗ ನೋಡುವ ಭೂತಗನ್ನಡಿಯಲ್ಲೇ ಪ್ರತಿ ಎಲೆಯನ್ನೂ ತಿರುಗಿಸಿ ನೋಡುತ್ತಾರೆ. "ಬೆರಳಚ್ಚು ಕಂಡ್ರೆ ವಾಪಸ್ಸು, ನನ್ನ ಹತ್ರ ದಾಕ್ಷಿಣ್ಯ ಇಲ್ಲಮ್ಮ" ಎನ್ನುತ್ತಾರೆ. "ಮೊದಮೊದಲು ಇವಳದ್ದೇ ನೂರಾರು ವಾಪಸ್ಸು ಮಾಡಿದೀನಿ. ಈಗ ನೋಡಿ, ಐದಾರು ವರ್ಷದಿಂದ ಒಂದೂ ವಾಪಸ್ಸಿಲ್ಲ. ಕೈಯಲ್ಲಿ ಮುಟ್ಟೇ ಇಲ್ವೇನೋ ಅನ್ನೋ ಹಾಗೆ ಮಾಡ್ತಾಳೆ!" ಅವರು ಹೊಗಳಿಕೆಗೇ ಹೇಳಿದ್ದು.

ಈ ಸಂಕ್ರಾಂತಿ ಕಳೆದು ಎಂಟನೇ ದಿನ ಚಿಕ್ಕಮುನಿಯಮ್ಮ ತೀರಿಕೊಂಡರು. ಎಪ್ಪತ್ತೆಂಟಾಗಿತ್ತು. ತಿಥಿ ಮುಗಿಸಿ, ಫೆಬ್ರವರಿಯ ರೇಷನ್ ತರಲು ಅಂಜಿನಮ್ಮ ಮೊದಲ ಬಾರಿಗೆ ತಾವೇ ಅಂಗಡಿಗೆ ಹೋದರು. ಅಲ್ಲಿಯವರೆಗೆ ಪ್ರತಿ ತಿಂಗಳೂ ಹೋಗುತ್ತಿದ್ದದ್ದು ತಾಯಿ. ಮಷೀನಿನ ಗಾಜಿನ ಮೇಲೆ ಹೆಬ್ಬೆಟ್ಟು ಒತ್ತಿದರೆ ಕಾರ್ಡಿನವರು ಬಂದಿದ್ದಾರೆ ಎಂದು ಲೆಕ್ಕ, ಆಗ ಅಕ್ಕಿ. ಅಂಜಿನಮ್ಮ ಒತ್ತಿದರು. ಮಷೀನು ಒಪ್ಪಲಿಲ್ಲ. ಸೀರೆಗೆ ಒರೆಸಿ ಒತ್ತಿದರು, ಎಡಗೈ ಒತ್ತಿದರು, ಹತ್ತೂ ಬೆರಳು ಒತ್ತಿದರು. ಯಾವುದರಲ್ಲೂ ಗೆರೆ ಇಲ್ಲ. ಸ್ಪಿರಿಟ್ಟು, ಎಮರಿ ಪೇಪರು ಸೇರಿ ಹನ್ನೊಂದು ವರ್ಷದಲ್ಲಿ ಎಲ್ಲವನ್ನೂ ತೆಗೆದುಬಿಟ್ಟಿದ್ದವು.

ಇಲ್ಲಿಗೆ ಬಂದಾಗ ಅಂಜಿನಮ್ಮ ಸೂಜಿ ಕೆಳಗಿಡುತ್ತಾರೆ. ಅಷ್ಟು ಹೊತ್ತಿನ ಮಾತಿನಲ್ಲಿ ಕೈ ನಿಂತದ್ದು ಇದೇ ಮೊದಲು.

"ನಾನು ಅಮ್ಮನ್ನ ಹೆಬ್ಬೆಟ್ಟು ಅಂತಿದ್ದೆ ಮೇಡಂ. ಜಗಳ ಬಂದಾಗೆಲ್ಲ, ಸುಮ್ನಿರು, ನೀನು ಹೆಬ್ಬೆಟ್ಟು, ನಿಂಗೇನ್ ಗೊತ್ತಾಗುತ್ತೆ ಅಂತಿದ್ದೆ. ನಾನು ಸೈನ್ ಹಾಕ್ತೀನಲ್ಲ, ಆ ಕೊಬ್ಬು. ಅಷ್ಟು ವರ್ಷ ಆ ಹೆಬ್ಬೆಟ್ಟೇ ನಂಗೆ ಅನ್ನ ಹಾಕ್ತಿತ್ತು. ಅವಳು ಹೋದ್ಮೇಲೆ ಗೊತ್ತಾಯ್ತು." ಅವರು ಅಳುವುದಿಲ್ಲ. ಸೂಜಿಯನ್ನು ಮತ್ತೆ ಎತ್ತಿಕೊಳ್ಳುತ್ತಾರೆ.

ಬೇರೆ ದಾರಿ ಇಲ್ಲವೇ ಎಂದು ನೀವು ಕೇಳುತ್ತೀರಿ, ನಾನೂ ಕೇಳಿದೆ. ಫೋನಿಗೆ ಬರುವ ನಂಬರು ಹೇಳಿದರೂ ನಡೆಯುತ್ತದೆ. ಆದರೆ ಕಾರ್ಡಿಗೆ ಜೋಡಿಸಿರುವುದು ತೀರಿಕೊಂಡ ಗಂಡನ ನಂಬರು, ಈಗ ಅದಕ್ಕೆ ಫೋನ್ ಮಾಡಿದರೆ ದಾವಣಗೆರೆಯ ಯಾರೋ ಎತ್ತುತ್ತಾರೆ. ನಂಬರು ಬದಲಿಸೋಣವೆಂದು ಗುರುತಿನ ಚೀಟಿಯ ಕೇಂದ್ರವೊಂದಕ್ಕೆ ಹೋದರೆ ಅಲ್ಲಿ ಮೊದಲು ಕೇಳುವುದೇ ಹೆಬ್ಬೆಟ್ಟು. ಹೆಬ್ಬೆಟ್ಟಿನ ಬದಲು ಕಣ್ಣನ್ನು ಮಷೀನಿಗೆ ತೋರಿಸಿದರು. ಎರಡರಲ್ಲೂ ಪೊರೆ ಇದೆ, ಸರಿಯಾಗಿ ಬರುತ್ತಿಲ್ಲ, ಆಪರೇಷನ್ ಮಾಡಿಸಿಕೊಂಡು ಬನ್ನಿ ಎಂದರು ಅಲ್ಲಿನವರು. ಧರ್ಮಕ್ಕೆ ಆಪರೇಷನ್ ಮಾಡುವ ಆಸ್ಪತ್ರೆಯವರು ಚಾಲ್ತಿಯಲ್ಲಿರುವ ಕಾರ್ಡು ತನ್ನಿ ಎಂದರು. ಕೇಳುತ್ತ ಕೇಳುತ್ತ ನನ್ನ ಮೈ ಉರಿಯುತ್ತದೆ. ಅಂಜಿನಮ್ಮನಿಗೆ ಉರಿದು ಸಾಕಾಗಿದೆ. "ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ ಮೇಡಂ, ಇಲ್ಲಿ ಪೂಜಾರಿನೂ ಪಾಪ ಒಳ್ಳೆಯೋನೇ. ಮಷೀನು ಕೊಡಲ್ಲ" ಎನ್ನುತ್ತಾರೆ.

ಆ ಪೂಜಾರಿ ರೇಷನ್ ಅಂಗಡಿಯ ಶ್ರೀಧರ್. ಮಾರ್ಚಿನಲ್ಲೂ ಮಷೀನು ಒಪ್ಪದಿದ್ದಾಗ ಅವರೇ ದಾರಿ ಹೇಳಿದ್ದು. ಗಾರೆ ಕೆಲಸದವರಿಗೂ ಹೀಗೇ ಆಗುತ್ತದೆ, ಒಂದು ತಿಂಗಳು ಬೆರಳಿಗೆ ಕೆಲಸ ಕೊಡದೆ ಎಣ್ಣೆ ಹಚ್ಚಿಟ್ಟರೆ ಗೆರೆ ಮತ್ತೆ ಹುಟ್ಟುತ್ತದೆ, ನಾಲ್ಕೈದು ಜನಕ್ಕೆ ಹುಟ್ಟಿದೆ. ಏಪ್ರಿಲ್ ತಪ್ಪಿದರೆ ಮಾತ್ರ ಮೂರು ತಿಂಗಳಾಗುತ್ತದೆ, ಕಾರ್ಡು ನಿಂತುಹೋಗುತ್ತದೆ ಎಂದೂ ಹೇಳಿದರು. ಕಾರ್ಡು ನಿಂತರೆ ಅಕ್ಕಿ ಹೋಯಿತು, ಆಪರೇಷನ್ ಹೋಯಿತು, ಪೊರೆ ಬೆಳೆದರೆ ಈ ಕೆಲಸವೂ ಹೋಯಿತು.

ಅದಕ್ಕೇ ಹೆಬ್ಬೆಟ್ಟಿಗೆ ರಜೆ. ರಾತ್ರಿ ಹರಳೆಣ್ಣೆ, ಹಗಲು ಬಟ್ಟೆ. ಪೂರ್ತಿ ಕೆಲಸ ನಿಲ್ಲಿಸಿದರೆ ಬಾಡಿಗೆ ಯಾರು ಕೊಡುತ್ತಾರೆ? ಹಾಗಾಗಿ ಉಳಿದ ಒಂಬತ್ತು ಬೆರಳಿಗೆ ಹೊಸದಾಗಿ ಕೆಲಸ ಕಲಿಸಿದ್ದಾರೆ. ಪಕ್ಕದ ಮನೆಯ ನಾರಾಯಣಮ್ಮ ಒಂದು ಪಾತ್ರೆ ರಾಗಿ ಹಿಟ್ಟು ಕೊಟ್ಟಿದ್ದಾರೆ, ಎರಡು ಹೊತ್ತೂ ಅದರದ್ದೇ ಗಂಜಿ. ಗಂಜಿ ಲೋಟ ಪಕ್ಕಕ್ಕಿಟ್ಟು ಅಂಜಿನಮ್ಮ ಕ್ಲೇಯ ಒಬ್ಬಟ್ಟಿಗೆ ಕಂದು ಬಣ್ಣದ ಪುಡಿ ಸವರುತ್ತಾರೆ, ಕಾವಲಿಯ ಮೇಲೆ ಸುಟ್ಟ ಕಲೆಯ ಹಾಗೆ ಕಾಣಲಿ ಎಂದು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರೆ. ನಂದು ಫ್ರಿಜ್ಜಿಗೆ ಒಬ್ಬಟ್ಟು" ಎಂದು ಅವರೇ ನಗುತ್ತಾರೆ. ನಗಲು ನನ್ನಿಂದಾಗುವುದಿಲ್ಲ.

ಮೂವತ್ತನೇ ದಿನ ಬೆಳಿಗ್ಗೆ ಏಳಕ್ಕೆ ಮತ್ತೆ ಅವರ ಮನೆಗೆ ಹೋಗುತ್ತೇನೆ. ಅಂಜಿನಮ್ಮ ತಲೆಗೆ ನೀರು ಹಾಕಿಕೊಂಡು, ಹಸಿರು ಸೀರೆಯುಟ್ಟು ಸಿದ್ಧರಾಗಿದ್ದಾರೆ. ಬಟ್ಟೆ ಬಿಚ್ಚಿಯಾಗಿದೆ. "ನೋಡಿ ಅಕ್ಕ" ಎಂದು ಹೆಬ್ಬೆರಳು ಮುಂದೆ ಹಿಡಿಯುತ್ತಾರೆ. ನಾನು ಅವರಿಗೆ ಅಕ್ಕನಾದದ್ದು ಆ ದಿನ. ಬೆರಳು ಕೆಂಪಗೆ, ನುಣ್ಣಗೆ, ಹೊಳೆಯುತ್ತಿದೆ. "ಎಷ್ಟು ಚೆನ್ನಾಗಾಗಿದೆ!" ಎನ್ನುತ್ತೇನೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಅಂಗಡಿಯಲ್ಲಿ ಇಪ್ಪತ್ತು ಜನರ ಸಾಲು. ಅಂಜಿನಮ್ಮ ಬೆರಳನ್ನು ಯಾವುದಕ್ಕೂ ತಾಗಿಸದೆ ಎತ್ತಿ ಹಿಡಿದುಕೊಂಡೇ ನಿಂತಿದ್ದಾರೆ. ಸರದಿ ಬರುತ್ತದೆ. ಶ್ರೀಧರ್ ಎದ್ದು ನಿಂತು ಮಷೀನಿನ ಗಾಜನ್ನು ತಮ್ಮ ಕರ್ಚೀಫಿನಲ್ಲಿ ಒರೆಸುತ್ತಾರೆ. "ನಿಧಾನಕ್ಕೆ ಇಡಿ ಅಮ್ಮ. ಒತ್ಬೇಡಿ."

ಮಷೀನು ಒಪ್ಪುವುದಿಲ್ಲ. ಇನ್ನೊಮ್ಮೆ. ಇಲ್ಲ. ಬೆರಳನ್ನು ಸ್ವಲ್ಪ ಓರೆ ಮಾಡಿ. ಇಲ್ಲ. ಆರನೇ ಸಲಕ್ಕೆ ಶ್ರೀಧರ್ ಅವರ ಕೈ ಹಿಡಿದು, ಬೆಳಕಿಗೆ ತಿರುಗಿಸಿ, ಕಣ್ಣಿನ ಹತ್ತಿರ ತಂದು ನೋಡುತ್ತಾರೆ.

"ಏನಮ್ಮ ಮಾಡಿದ್ರಿ ಇದಕ್ಕೆ? ಮೊನ್ನೆ ಬೆರಳಿನ ಬಟ್ಟೆ ಬಿಚ್ಚಿ ತೋರ್ಸಿದ್ರಲ್ಲ, ಗೆರೆ ಬಂದಿತ್ತು. ನಾನೇ ನೋಡಿದೀನಿ."

"ಏನೂ ಮಾಡಿಲ್ಲ ಸಾರ್." ಅಂಜಿನಮ್ಮ ಬೆರಳನ್ನೇ ನೋಡುತ್ತಾರೆ. "ಬೆಳಿಗ್ಗೆ ಬಿಚ್ದಾಗ ದೊರಗು ದೊರಗಾಗಿತ್ತು. ಮಷೀನಿಗೆ ಸರಿಯಾಗಿ ಕೂರಲ್ಲ ಅನ್ನಿಸ್ತು. ಅದಕ್ಕೇ ಸ್ವಲ್ಪ... ನಯದ ಪೇಪರ್ ತಗೊಂಡು... ನೈಸ್ ಮಾಡ್ದೆ."

ಹೇಳುತ್ತ ಹೇಳುತ್ತಲೇ ಅವರಿಗೆ ಅರ್ಥವಾಗುತ್ತದೆ. ಶ್ರೀಧರ್ ಕುರ್ಚಿಯಲ್ಲಿ ಕೂರುತ್ತಾರೆ. ಹಿಂದಿದ್ದ ಹೆಂಗಸೊಬ್ಬಳು "ಅಯ್ಯೋ ನಿನ್ನ" ಎಂದು ಬಾಯಿ ಮುಚ್ಚಿಕೊಳ್ಳುತ್ತಾಳೆ. ಮೂವತ್ತು ದಿನ ಎಣ್ಣೆ ಹಚ್ಚಿ ಬೆಳೆಸಿದ್ದನ್ನು, ಹನ್ನೊಂದು ವರ್ಷದ ರೂಢಿಗೆ ಬಿದ್ದ ಕೈ ಎರಡು ನಿಮಿಷದಲ್ಲಿ ಉಜ್ಜಿ ಹಾಕಿದೆ. ನಾನು ಅರ್ಜಿ ಬರೆದು ರೇಷನ್ ಕಚೇರಿಗೆ ಕೊಡುತ್ತೇನೆ, ಯಾರನ್ನಾದರೂ ಹಿಡಿಯುತ್ತೇನೆ ಎಂದು ಏನೇನೋ ಬಡಬಡಿಸುತ್ತೇನೆ. ಶ್ರೀಧರ್ ಪಟ್ಟಿಯಲ್ಲಿ ಅಂಜಿನಮ್ಮನ ಹೆಸರಿನ ಮುಂದೆ ಅಡ್ಡಗೆರೆ ಎಳೆದು ಮುಂದಿನವರನ್ನು ಕರೆಯುತ್ತಾರೆ. ಕರೆಯಲೇಬೇಕು, ಸಾಲು ಬೆಳೆದಿದೆ.

ಕಚೇರಿಗೆ ಅರ್ಜಿ ಹೋಗಿದೆ. ಇದನ್ನು ಬರೆಯುವವರೆಗೆ ಉತ್ತರ ಬಂದಿಲ್ಲ.

ಅಂದು ಮನೆಗೆ ಮರಳಿದ ಅಂಜಿನಮ್ಮ ಸೀರೆ ಬದಲಿಸಿ ಗಾಜಿನ ಹಲಗೆ ಎಳೆದುಕೊಳ್ಳುತ್ತಾರೆ. ಈಗ ಹತ್ತೂ ಬೆರಳು ಕೆಲಸಕ್ಕಿವೆ. ಅಗುಳುಗಳು ಮೊದಲಿನ ವೇಗದಲ್ಲಿ ಉದುರುತ್ತಿವೆ. ಹೊರಡುವಾಗ, ಪತ್ರಿಕೆಯಲ್ಲಿ ಏನು ಬರೆಯಲಿ ಎಂದು ಕೇಳುತ್ತೇನೆ. ರೇಷನ್ ವಿಷಯ, ಆಪರೇಷನ್ ವಿಷಯ ಹೇಳಿಯಾರು ಎಂದುಕೊಂಡಿರುತ್ತೇನೆ.

ಅವರು ತಲೆಯೆತ್ತುವುದಿಲ್ಲ. "ನಾನ್ ಮಾಡಿರೋ ಎಲೆ ಎಷ್ಟೋ ಮನೇಲಿ ಇರ್ತವೆ ಅಕ್ಕ. ಇದ್ದೋರು ಒಂದ್ಸಲ ಕಿತ್ತು, ಹಿಂದೆ ಮುಂದೆ ತಿರುಗ್ಸಿ ನೋಡ್ಲಿ ಅಂತ ಬರೀರಿ. ದುರ್ಬೀನ್ ಹಾಕಿ ಹುಡುಕ್ಲಿ. ಎಲ್ಲೂ ನನ್ನ ಗುರುತು ಸಿಗಲ್ಲ. ಹಂಗ್ ಮಾಡಿದೀನಿ ಕೆಲ್ಸ."